ಉಪೇಕ್ಷೆ

‘ಜ್ವರ ಉಪೇಕ್ಷಿಸಬೇಡಿ’ ಎನ್ನುವಾಗ ಈ ಪದಕ್ಕೆ ಕಡೆಗಣಿಸುವುದು ಎಂದೇ ಅರ್ಥ. ಮೂಲದಲ್ಲಿರುವುದು ಸಂಸ್ಕೃತದ ‘ಉಪ’ ಮತ್ತು ‘ಈಕ್ಷ್’: ಬಳಿಯಿದ್ದು ನೋಡುವುದು. ಬೌದ್ಧರ ಪಾಲಿಯಲ್ಲಿ ಇದು ‘ಉಪೇಕ್ಖಾ’; ಮೈತ್ರಿ, ಕರುಣೆ, ಮುದಿತೆಗಳ ಜೊತೆ ನಾಲ್ಕನೆಯ ಬ್ರಹ್ಮವಿಹಾರ, ಅಂದರೆ ಮನಸ್ಸಿನ ಉನ್ನತ ನೆಲೆ. ಲಾಭ-ನಷ್ಟ, ಹೊಗಳಿಕೆ-ತೆಗಳಿಕೆಗಳತ್ತ ವಾಲದ ಮನಸ್ಸು. ಅರಿವಿಲ್ಲದ ಉದಾಸೀನವೇ ಇದರಂತೆ ಕಾಣುವ, ಇದರ ಹತ್ತಿರದ ಶತ್ರು ಎಂದು 5ನೆಯ ಶತಮಾನದ ಬುದ್ಧಘೋಷ ‘ವಿಸುದ್ಧಿಮಗ್ಗ’ದಲ್ಲಿ ಎಚ್ಚರಿಸುತ್ತಾನೆ. ಕನ್ನಡದ ಬಳಕೆಯಲ್ಲಿ ಉಳಿದದ್ದು ಆ ಶತ್ರುವೇ ಎಂಬುದು ನನಗೆ ಬೇಸರದ ಸಂಗತಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಗೆ ಹಳೆಯ ಅರ್ಥ ಬೇಕು. ಅಟ್ಟಕ್ಕೆ ಹಾಕಿದ ಕಾಯಿ ನೀರಿಂಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. ಬೆಲೆ ಅಷ್ಟು ದಿನ ಕಾಯುವುದಿಲ್ಲ. 2023ರಲ್ಲಿ ತಿಪಟೂರು ಮಾರುಕಟ್ಟೆಯ ದರ ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು, 2025ರಲ್ಲಿ 20,000 ದಾಟಿತು. ಕುಸಿದಾಗ ಕಂಗೆಟ್ಟು ಸಾಲಕ್ಕೆ, ಏರಿದಾಗ ಉಬ್ಬಿ ಖರ್ಚಿಗೆ ಕೈ ಹಾಕುವ ಮುನ್ನ ಉಸಿರನ್ನೂ ಎದೆಬಡಿತವನ್ನೂ ಗಮನಿಸಿ ನಿಲ್ಲುವುದು ಉಪೇಕ್ಷೆಯ ಅಭ್ಯಾಸ. ಬೆಂಗಳೂರು ಬಳಿಯ ಆಲೂರಿನ ‘ಧಮ್ಮ ಪಫುಲ್ಲ’ ಕೇಂದ್ರದ ಹತ್ತು ದಿನಗಳ ವಿಪಶ್ಯನ ಧ್ಯಾನ ಶಿಬಿರದಲ್ಲಿ ಕಲಿಸುವುದರ ತಿರುಳೂ ಇದೇ. ಖರೀದಿ ಕೇಂದ್ರ ತೆರೆಯಿರಿ ಎಂದು ಬೆಳೆಗಾರರು ಬೀದಿಗಿಳಿಯುವುದಕ್ಕೆ ಇದು ಅಡ್ಡಿಯಲ್ಲ.