ಕರಿಕಲ್ಲು, ಎರೆಮಣ್ಣು ಮತ್ತು ಶಿಲ್ಪಿಯ ಕೈ

ಶಿಲ್ಪಕಲೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ರಾಜವಂಶಗಳ ಹೆಸರಿನಲ್ಲಿ ಓದುತ್ತೇವೆ: ಚಾಲುಕ್ಯ ಶೈಲಿ, ಹೊಯ್ಸಳ ಶೈಲಿ, ಆದಿಲಶಾಹಿ ಶೈಲಿ. ಆದರೆ ಶಿಲ್ಪಿಯ ಕೈಗೆ ದಿನವೂ ಎದುರಾಗುತ್ತಿದ್ದದ್ದು ಕಲ್ಲು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯನ್ನು ಮುಂದಿಟ್ಟುಕೊಂಡು ಆ ಚರಿತ್ರೆಯನ್ನು ನೆಲದಿಂದ ಮೇಲಕ್ಕೆ ಓದಿದರೆ ಹೇಗಿರುತ್ತದೆ ಎಂದು ನೋಡುವುದು ನನ್ನ ಉದ್ದೇಶ.

ಈ ಸೀಮೆಯ ಬಹುಭಾಗದ ಅಡಿಯಲ್ಲಿರುವುದು ಕರಿಕಲ್ಲು, ಅಂದರೆ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಪದರ ಪದರವಾಗಿ ಹರಿದು ಆರಿ ಆದ ಕಲ್ಲು ಇದು. ಮಹಾರಾಷ್ಟ್ರದ ಬಹುಪಾಲನ್ನು ಹೊದ್ದಿರುವ ಈ ಹಾಸು ದಕ್ಷಿಣಕ್ಕೆ ಬರುತ್ತ ಈ ಭಾಗದಲ್ಲಿ ಮುಗಿಯುತ್ತದೆ. ಮುದ್ದೇಬಿಹಾಳದಿಂದ ಕೃಷ್ಣೆಯ ಕಡೆಗೆ ಇಳಿದರೆ ಗ್ರಾನೈಟು ತಲೆ ಎತ್ತುತ್ತದೆ. ತಾಳಿಕೋಟೆಯ ಸುತ್ತ ಸುಣ್ಣದಕಲ್ಲು. ಹೊಳೆ ದಾಟಿ ಬಾದಾಮಿಯತ್ತ ಹೋದರೆ ಕೆಂಪು ಮರಳುಗಲ್ಲು.

1997ರವರೆಗೆ ಬಾದಾಮಿಯೂ ಇದೇ ಜಿಲ್ಲೆಯಲ್ಲಿತ್ತು. ಅಲ್ಲಿನ ಮರಳುಗಲ್ಲು ದೊಡ್ಡ ದಿಮ್ಮಿಗಳಾಗಿ ಬಿಡುತ್ತದೆ, ಉಳಿಗೆ ಒಲಿಯುತ್ತದೆ. ಎಂಟನೆಯ ಶತಮಾನದಲ್ಲಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯ ಕಟ್ಟಿಸಿದಾಗ ಅದರ ಶಿಲ್ಪಿ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದಿತು; ಶಾಸನ ಅದನ್ನು ಹೇಳುತ್ತದೆ. ಮೂರು ಶತಮಾನ ಕಳೆದು ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಧಾರವಾಡ, ಗದಗ ಸೀಮೆಯ ಶಿಲ್ಪಿಗಳು ಬಳಪದ ಕಲ್ಲಿಗೆ ತಿರುಗಿದರು. ದಿಮ್ಮಿಗಳು ಚಿಕ್ಕವಾದವು, ತಿರುಗಣೆಗೆ ಹಚ್ಚಿ ನುಣುಪು ಮಾಡಿದ ಕಂಬಗಳು ಬಂದವು, ವಿಗ್ರಹಗಳ ಕೊರಳಿನ ಹಾರದಲ್ಲಿ ಮಣಿಮಣಿಯೂ ಎಣಿಸುವಂತಾಯಿತು. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಬಗ್ಗೆ 1926ರಲ್ಲಿ ಪುಸ್ತಕ ಪ್ರಕಟಿಸಿದ ಹೆನ್ರಿ ಕಸೆನ್ಸ್ ಈ ಬದಲಾವಣೆಯನ್ನು ಗುರುತಿಸಿದ್ದರು. ರುಚಿ ಬದಲಾದದ್ದಕ್ಕೆ ಕಲ್ಲು ಬದಲಾದದ್ದೂ ಒಂದು ಕಾರಣ.

ಕರಿಕಲ್ಲು ಅಷ್ಟು ಸುಲಭಕ್ಕೆ ಒಲಿಯುವಂಥದ್ದಲ್ಲ. ಬಹಳ ಗಟ್ಟಿ, ಒಳಗೆ ಎಲ್ಲಿ ಗಾಳಿಗುಳ್ಳೆ ಕೂತಿದೆ, ಎಲ್ಲಿ ಸೀಳಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಅದಕ್ಕೇ ಶಿಲ್ಪಿ ಮೊದಲು ಕಿವಿಯಿಂದ ಕೆಲಸ ಶುರುಮಾಡುತ್ತಾನೆ. ಬಡಿದಾಗ ಬರುವ ನಾದದ ಮೇಲೆ ಕಲ್ಲನ್ನು ಪುರುಷಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ವಿಂಗಡಿಸುವ ಕ್ರಮ ಶಿಲ್ಪಶಾಸ್ತ್ರಗಳಲ್ಲಿದೆ. ಹೆಸರುಗಳ ಬಗ್ಗೆ ಇಂದು ನಾವು ಏನೇ ಹೇಳಲಿ, ಅದರ ಹಿಂದಿನ ಅನುಭವ ದೊಡ್ಡದು: ಗಂಟೆಯಂತೆ ನುಡಿಯುವ ಕಲ್ಲು ಒಳಗೆ ಇಡಿಯಾಗಿದೆ, ಮಂಕಾಗಿ ನುಡಿಯುವುದರಲ್ಲಿ ದೋಷವಿದೆ. ಇದೇ ಕರಿಕಲ್ಲಿನ ಗುಡ್ಡವನ್ನು ಮೇಲಿನಿಂದ ಕೆಳಕ್ಕೆ ಕೊರೆದು ರಾಷ್ಟ್ರಕೂಟರ ಶಿಲ್ಪಿಗಳು ಎಲ್ಲೋರದ ಕೈಲಾಸ ದೇವಾಲಯ ಬಿಡಿಸಿದರು. ಅಲ್ಲಿ ಒಮ್ಮೆ ತೆಗೆದ ಕಲ್ಲನ್ನು ಮರಳಿ ಇಡುವಂತಿಲ್ಲ. ಕೊನೆಗೆ ಅದರ ಮೇಲೆ ಗಾರೆ ಬಳಿದು ಬಣ್ಣ ಹಚ್ಚಿದರು. ಅದರ ಗುರುತು ಇನ್ನೂ ಉಳಿದಿದೆ.

ಈ ಕರಿಕಲ್ಲಿಗೆ ಇನ್ನೊಂದು ರೂಪವಿದೆ. ಮಳೆ ಬಿಸಿಲಿಗೆ ಸಿಕ್ಕಿ ಅದು ಸಾವಿರಾರು ವರ್ಷಗಳಲ್ಲಿ ಗರಸಾಗಿ, ಗರಸು ಎರೆಮಣ್ಣಾಗುತ್ತದೆ. ಡೋಣಿ ನದಿಯ ಬಯಲಲ್ಲಿ ಜೋಳ ಬೆಳೆಯುವ ಕಪ್ಪು ನೆಲ ಹೀಗೆ ಬಂದದ್ದು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಅಗಲಕ್ಕೆ ಬಿರಿಯುತ್ತದೆ.

ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಯಂದು ಈ ಸೀಮೆಯ ಮನೆಗಳಲ್ಲಿ ಇದೇ ಮಣ್ಣು ಎತ್ತಾಗುತ್ತದೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ, ಅವನ ಬೆನ್ನಿಗೇ ಜೋಕುಮಾರ. ಮಣ್ಣೆತ್ತು ಮಾಡುವವರನ್ನು ಗಮನಿಸಿದರೆ ಗೊತ್ತಾಗುತ್ತದೆ, ಅವರೂ ಕಲ್ಲುಕುಟಿಗನಂತೆಯೇ ಮೊದಲು ವಸ್ತುವಿನ ಮಾತು ಕೇಳುತ್ತಾರೆ. ನೀರು ಹೆಚ್ಚಾದರೆ ಕಾಲು ಕುಸಿಯುತ್ತವೆ, ಕಡಿಮೆಯಾದರೆ ಕೊಂಬು ಮುರಿಯುತ್ತದೆ. ಅದಕ್ಕೇ ಕಾಲು ಗಿಡ್ಡ, ಕೊರಳು ದಪ್ಪ, ಹಿಣಿಲು ಎದ್ದು ಕಾಣುವಂತೆ. ಈ ಎತ್ತಿನ ಆಕಾರವನ್ನು ಅರ್ಧ ಕೈ ತೀರ್ಮಾನಿಸಿದರೆ ಇನ್ನರ್ಧ ಎರೆಮಣ್ಣೇ ತೀರ್ಮಾನಿಸುತ್ತದೆ. ಪೂಜೆ ಮುಗಿದ ಮೇಲೆ ಹಲವು ಮನೆಯವರು ಅದನ್ನು ಹಳ್ಳಕ್ಕೋ ಬಾವಿಗೋ ಬಿಡುತ್ತಾರೆ. ಅಚ್ಚಿನಲ್ಲಿ ಎರಕ ಹೊಯ್ದು ಬಣ್ಣ ಬಳಿದ ಎತ್ತುಗಳು ಈಗ ಸಂತೆಯಲ್ಲಿ ಸಿಗುತ್ತವೆ. ಅಚ್ಚಿಗೆ ಯಾವ ಊರಿನ ಮಣ್ಣಾದರೂ ಒಂದೇ.

ನಮ್ಮ ಚರಿತ್ರೆಯ ಕೊರತೆ ಇರುವುದು ಇಲ್ಲಿ. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಮೇಲೆ 945ರ ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ವಿದ್ಯಾಶಾಲೆ ಕಟ್ಟಿಸಿದ, ವಿದ್ಯಾರ್ಥಿಗಳಿಗಾಗಿ 27 ಮನೆಗಳಿದ್ದವು ಎಂದು ಅದರಿಂದ ತಿಳಿಯುತ್ತದೆ. ಆ ಮನೆಗಳಿಲ್ಲ, ಕಲ್ಲಿನ ಅಕ್ಷರ ಉಳಿದಿದೆ. ಉಳಿದದ್ದನ್ನೇ ಇದ್ದದ್ದು ಎಂದು ಓದುವ ಅಭ್ಯಾಸ ನಮಗಾಗಿದೆ. ಹಾಗಾಗಿ ಮರಳುಗಲ್ಲಿನ ಗುಂಡ ಆಚಾರಿಗೆ ಹೆಸರಿದೆ, ವರ್ಷಕ್ಕೊಮ್ಮೆ ಎತ್ತು ತಿದ್ದಿ ನೀರಿಗೆ ಬಿಟ್ಟ ಕೈಗಳಿಗೆ ಇಲ್ಲ.

ಈ ನಾಲ್ಕೂ ಊರುಗಳ ಕಡೆ ಹೋಗುವ ವಿದ್ಯಾರ್ಥಿಗಳು ಗುಡಿಯೊಳಗಿನ ವಿಗ್ರಹ ನೋಡುವ ಮುನ್ನ ಹೊರಗಿನ ಹೊಲದ ಒಂದು ಹೆಂಟೆ ಕೈಗೆತ್ತಿಕೊಳ್ಳಲಿ. ಕರಿಕಲ್ಲು ಗಡುಸಾಗಿ ಉಳಿದಲ್ಲಿ ಅದನ್ನು ಗೆಲ್ಲಲು ಪೀಳಿಗೆಗಳು ಬೇಕಾದವು. ಅದೇ ಕಲ್ಲು ಮೆತ್ತಗಾದಲ್ಲಿ ಮನೆಮನೆಯೂ ಶಿಲ್ಪಶಾಲೆಯಾಯಿತು.