ಎತ್ತಿನ ಬಾಯಿ, ವಯಸ್ಸಿನ ಲೆಕ್ಕ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಎತ್ತಿನ ಬೆಲೆ ಮಾತಾಡುವ ಮೊದಲು ಕೆಳತುಟಿ ಸರಿಸಿ ಹಲ್ಲು ನೋಡುತ್ತಾರೆ. ಬಾಚಿಹಲ್ಲು 8, ಎಲ್ಲವೂ ಕೆಳದವಡೆಯಲ್ಲೇ. ಮೇಲೆ ಬರೀ ಗಟ್ಟಿ ವಸಡು. ಸುಮಾರು 2–2.5 ವರ್ಷಕ್ಕೆ ನಡುವಿನ ಹಾಲುಹಲ್ಲು ಬಿದ್ದು ಅಗಲವಾದ ಜೋಡಿ ಬಂದರೆ ‘ಎರಡು ಹಲ್ಲಿನ’ ಹೋರಿ. ಆಮೇಲೆ ನಾಲ್ಕು, ಆರು. ಎಂಟೂ ಬಂದರೆ, 4–5 ವರ್ಷಕ್ಕೆ, ‘ಬಾಯಿಗೂಡಿತು’.

ಮುಂದೆ ಸವೆತವೇ ಲೆಕ್ಕ. ಹೊರಗಿನ ಬಿಳಿ ಎನಾಮಲ್ ತೇಯ್ದು ಒಳಗಿನ ಹಳದಿ ಡೆಂಟಿನ್ ಕಾಣುತ್ತದೆ; ವಸಡು ಇಳಿದು ಹಲ್ಲಿನ ಕುತ್ತಿಗೆ ಬಯಲಾಗುತ್ತದೆ. ಅಂದಾಜೇ ಅನ್ನಿ: ಒರಟು ಮೇವು ತಿಂದ ಎತ್ತು ವಯಸ್ಸಿಗಿಂತ ಮುದಿಯಾಗಿ ಕಾಣಬಹುದು.

ದವಡೆಹಲ್ಲು 24 ಸೇರಿ ಒಟ್ಟು 32, ಮನುಷ್ಯನಷ್ಟೇ. ಮೊನಚು ಕೋರೆಹಲ್ಲು ಮಾತ್ರ ಎತ್ತಿಗಿಲ್ಲ. ಬಾಚಿಸಾಲಿನ ಕೊನೆಯ ಜೋಡಿಯೇ ರೂಪ ಬದಲಿಸಿದ ಕೋರೆ ಎನ್ನುತ್ತಾರೆ ಪಶುವೈದ್ಯರು.