ರಾಜರತ್ನಂ, ಜಿ. ಪಿ.

ಕನ್ನಡ ಶಿಶುಸಾಹಿತ್ಯದಲ್ಲಿ ನಗೆಗೆ ಗಟ್ಟಿ ನೆಲೆ ಕೊಟ್ಟ ಕವಿ, ಅಧ್ಯಾಪಕ. ಪೂರ್ಣ ಹೆಸರು ಗುಂಡ್ಲು ಪಂಡಿತ ರಾಜರತ್ನಂ, ಹುಟ್ಟೂರು ರಾಮನಗರ. ವೃತ್ತಿಯ ಆರಂಭದಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವಾಗ ಅವರ ನಾಲಿಗೆಗೆ ಒಗ್ಗುವ ಪದ್ಯಗಳ ಕೊರತೆ ಕಂಡು ತಾವೇ ಬರೆಯತೊಡಗಿದರು. ‘ತುತ್ತೂರಿ’, ‘ಕಡಲೆಪುರಿ’ ಆ ಕಾಲದ ಸಂಕಲನಗಳು.

ತಗಡಿನ ತುತ್ತೂರಿ ಕೊಂಡು ಬೀಗಿದ ಹುಡುಗನ ಪದ್ಯ ಇವರ ಹಾಸ್ಯದ ಉತ್ತಮ ಮಾದರಿ. ತುತ್ತೂರಿ ನೀರಿಗೆ ಜಾರುತ್ತದೆ, ದನಿ ಕಟ್ಟುತ್ತದೆ, ಬಣ್ಣ ಹೋಗುತ್ತದೆ, ಜಂಬವೂ ಕರಗುತ್ತದೆ. ಬೈಗುಳವಿಲ್ಲ, ಉಪದೇಶವಿಲ್ಲ. ಸಣ್ಣ ಸಾಲು, ಬಿಗಿಯಾದ ಪ್ರಾಸ, ಮನೆಮಾತು: ಅಕ್ಷರ ಬಾರದ ಮಗುವೂ ಕೇಳಿಯೇ ಕಲಿಯಬಲ್ಲದು. ನಾಯಿಮರಿಯೊಡನೆ ಮಗು ನಡೆಸುವ ಮಾತುಕತೆಯ ಪದ್ಯವಂತೂ ಆಟವೇ ಆಗಿದೆ. ಇಷ್ಟು ಸರಳವಾಗಿ ಬರೆಯುವುದು ಸುಲಭದ ಕೆಲಸವಲ್ಲ.

ದೊಡ್ಡವರಿಗೆ ಇವರು ಕುಡುಕ ರತ್ನನ ಆಡುನುಡಿಯ ‘ರತ್ನನ ಪದಗಳು’ ಕೊಟ್ಟರು. ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದರು. 1978ರಲ್ಲಿ ದೆಹಲಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 1979ರಲ್ಲಿ ನಿಧನರಾದರು.